ಸ್ಪ್ರಿಂಗಿನ ಹೊಟ್ಟೆಯೊಳಗಿನ ಮರ

ನನ್ನ ಸಣ್ಣ ಬಾಮೈದನಿಗೆ ಮನೆಮಂದಿಯೆಲ್ಲ ಕರೆಯುವ ಹೆಸರು ಚೂರಪ್ಪ. ಆ ಹೆಸರಿಟ್ಟವನು ನಾನೇ. ಹನ್ನೆರಡು ವರ್ಷದ ಹಿಂದೆ ತಮಾಷೆಗೆ ಅಂದಿದ್ದು, ಹಾಗೇ ಅಂಟಿಕೊಂಡಿತು. ಅವನು ಮುಟ್ಟಿದ ಗಾಜೆಲ್ಲ ಚೂರಾಗುತ್ತದೆ ಅನ್ನುವುದು ಅದರ ಅರ್ಥ. ಈಗ ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಅವನೂ ಓಗೊಡುತ್ತಾನೆ.

ಆವತ್ತು ಬೆಳಿಗ್ಗೆ ನಾನು ಗ್ಯಾರೇಜಿನ ಶಟರ್ ಎತ್ತುವ ಮೊದಲೇ ಅವನ ಹಳೇ ಪಿಕಪ್ಪು ಬಾಗಿಲಲ್ಲಿ ನಿಂತಿತ್ತು.

“ಭಾವ, ಸ್ಟೇರಿಂಗು ಎಡಕ್ಕೆ ಎಳೀತಿದೆ. ಬ್ರೇಕ್ ಹಾಕಿದ್ರೆ ಮುಂದ್ಗಡೆ ಏನೋ ಕಟಕಟ ಅನ್ನುತ್ತೆ,” ಎಂದ.

ಬಗ್ಗಿ ಮುಂದಿನ ಟೈರು ನೋಡಿದೆ. ಒಳಗಿನ ಅಂಚು ಸವೆದು ತಂತಿ ಕಾಣುತ್ತಿತ್ತು. ಚಕ್ರ ಹಿಡಿದು ಅಲ್ಲಾಡಿಸಿದರೆ ಮುದುಕನ ಹಲ್ಲಿನ ಹಾಗೆ ಆಡಿತು. ನನ್ನ ಪಿತ್ತ ನೆತ್ತಿಗೇರಿತು.

“ತಂತಿ ಕಾಣೋ ತನಕ ಏನ್ ಮಾಡ್ತಿದ್ದೆ? ಕತ್ತೆ ಕಾಯ್ತಿದ್ಯಾ?”

“ಹಾಸಿಗೆ ಹೊರ್ತಿದ್ದೆ ಭಾವ,” ಎಂದು ನಕ್ಕ.

ಅದು ನಿಜ. ಅವನು ಒಂದು ಹಾಸಿಗೆ ಅಂಗಡಿಗೆ ಬಾಡಿಗೆ ಹೊಡೆಯುತ್ತಾನೆ. ಹಾಸಿಗೆ, ದಿಂಬು, ಬಟ್ಟೆಯ ಗಂಟು, ಕಬ್ಬಿಣದ ಸರಳು, ಇಷ್ಟೇ ಅವನ ಲೋಡು. ಮನೆ ಸಾಮಾನು ಸಾಗಿಸುವ ಕೆಲಸ ಎಷ್ಟು ಬಂದರೂ ಒಪ್ಪುವುದಿಲ್ಲ, ಅದರಲ್ಲಿ ಕನ್ನಡಿ ಇರುತ್ತದೆ, ಪಿಂಗಾಣಿ ಇರುತ್ತದೆ. ಒಡೆಯುವಂಥದ್ದು ಯಾವುದೂ ಅವನ ಗಾಡಿ ಹತ್ತುವಂತಿಲ್ಲ. ನಮ್ಮ ಮನೆಗೆ ಬಂದರೆ ಸ್ಟೀಲ್ ಲೋಟದಲ್ಲೇ ಚಹಾ ಕುಡಿಯುತ್ತಾನೆ. ನಾನು ಬೇಕೆಂದೇ ಗಾಜಿನ ಲೋಟ ಮುಂದೆ ಇಟ್ಟು ಅವನ ಮುಖ ನೋಡಿ ನಗುತ್ತಿದ್ದೆ.

ನನ್ನ ಹೆಂಡತಿಗೆ ಇಬ್ಬರು ತಮ್ಮಂದಿರು. ಇಬ್ಬರೂ ಸೇರಿ ಗಾಜಿನ ಅಂಗಡಿ ನಡೆಸುತ್ತಿದ್ದರು. ದೊಡ್ಡವನು ಅಂಗಡಿಯಲ್ಲಿ ನಿಂತು ಅಳತೆಗೆ ಗಾಜು ಕತ್ತರಿಸುತ್ತಿದ್ದ, ಚಿಕ್ಕವನು ಇದೇ ಪಿಕಪ್ಪಿನಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿ ಕಿಟಕಿಗೆ ಕೂರಿಸುತ್ತಿದ್ದ. ಆರೇಳು ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ದಾರಿಯಲ್ಲಿ ಗಾಜು ಒಡೆಯಲು ಶುರುವಾಯಿತು. ಇವನು ಕಂಬಳಿ ಸುತ್ತಿದ, ರಬ್ಬರಿನ ಹಾಳೆ ಹಾಸಿದ, ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ ಓಡಿಸಿದ. ಆದರೂ ಹತ್ತು ಹಾಳೆ ಹೊತ್ತರೆ ಎರಡು ಬಿರುಕು ಬಿಡುತ್ತಿದ್ದವು. ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ಒಂದು ಕ್ಷೌರದಂಗಡಿಯ ಉದ್ಘಾಟನೆಗೆಂದು ತಿಂಗಳುಗಟ್ಟಲೆ ಕೂತು ಮಾಡಿಸಿದ ಗೋಡೆಯಗಲದ ಕನ್ನಡಿ, ಆ ಅಂಗಡಿಯ ಮೆಟ್ಟಿಲಿಗೆ ಇಪ್ಪತ್ತು ಹೆಜ್ಜೆ ಇರುವಾಗ ಅಡ್ಡಡ್ಡ ಸೀಳಿತು.

ಆವತ್ತು ಸಂಜೆ ಗಾಜಿನಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಕೂತೆವು. ದೊಡ್ಡವನು ಕೂಗಾಡಿದ. ಚಿಕ್ಕವನು ತಲೆ ತಗ್ಗಿಸಿಕೊಂಡು ಒಂದೇ ಮಾತು ಹೇಳಿದ, “ಗಾಡಿ ತುಂಬಾ ಕುಟ್ಟುತ್ತೆ ಕಣೋ.” ಎಲ್ಲರೂ ನನ್ನ ಕಡೆ ನೋಡಿದರು. ಗಾಡಿ ವಿಷಯದಲ್ಲಿ ಆ ಮನೆಗೆ ನನ್ನ ಮಾತೇ ಕೊನೆ. ನಾನು ಕಾಲ ಮೇಲೆ ಕಾಲು ಹಾಕಿಕೊಂಡು, “ಗಾಡಿ ಸರಿಯಾಗೇ ಇದೆ. ಕೆಲವರ ಕೈಗೆ ಗಾಜು ಆಗಿಬರಲ್ಲ ಅಷ್ಟೆ,” ಎಂದೆ. ಅಲ್ಲಿಗೆ ತೀರ್ಮಾನವಾಯಿತು. ಅಂಗಡಿ ದೊಡ್ಡವನಿಗೆ, ಪಿಕಪ್ಪು ಚಿಕ್ಕವನಿಗೆ. ದೊಡ್ಡವನು ಹೊಸ ಗಾಡಿ ತೆಗೆದುಕೊಂಡು ತಾನೇ ಗಾಜು ಸಾಗಿಸತೊಡಗಿದ. ಅವತ್ತಿನಿಂದ ಒಂದು ಹಾಳೆಯೂ ಒಡೆಯಲಿಲ್ಲ. ಇನ್ನೇನು ಸಾಕ್ಷಿ ಬೇಕು? ದೋಷ ಅವನ ಕೈಯಲ್ಲೇ ಇದೆ ಎಂದು ಎಲ್ಲರೂ ನಂಬಿದೆವು. ಎಲ್ಲರಿಗಿಂತ ಹೆಚ್ಚಾಗಿ ನಂಬಿದವನು ಅವನೇ.

ಇರಲಿ, ಕೆಲಸಕ್ಕೆ ಬರುತ್ತೇನೆ. ಗಾಡಿಯನ್ನು ಜ್ಯಾಕಿನಿಂದ ಎತ್ತಿ, ಚಾಸಿಯ ಕೆಳಗೆ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟೆ. ಚಕ್ರದ ಕೀಲುಗಳಲ್ಲಿ ಮೇಲಿನ ಬಾಲ್ ಜಾಯಿಂಟ್ ಸಡಿಲ, ಕೆಳಗಿನದು ಇನ್ನೂ ಸಡಿಲ. ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮಿನ ಬುಷ್ಷುಗಳ ರಬ್ಬರು ಒಣಗಿ ಪುಡಿ ಉದುರುತ್ತಿತ್ತು. ಅಲ್ಲೊಂದು ಇಲ್ಲೊಂದು ಬದಲಾಯಿಸಿದರೆ ಆಗುವ ಕೆಲಸವಲ್ಲ, ಮುಂದಿನ ಭಾಗವನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು. ಸ್ಪ್ರಿಂಗುಗಳೂ ಕುಗ್ಗಿ ಹೋಗಿರುತ್ತವೆ ಎಂದು ಅವನ್ನೂ ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟೆ.

“ನನ್ನ ಸ್ಕೂಟರ್ ತಗೊಂಡು ಹೋಗಿ ಇಷ್ಟೂ ತಗೊಂಬಾ. ಸ್ಪ್ರಿಂಗು ಎರಡೂ ಒಂದೇ ಎತ್ತರ ಇದೆಯಾ ಅಂತ ಅಂಗಡಿಯಲ್ಲೇ ಪಕ್ಕಪಕ್ಕ ನಿಲ್ಲಿಸಿ ನೋಡು. ಹಲ್ಲು ಕಿಸಿದು ವಾಪಸ್ ಬರ್ಬೇಡ.”

“ಹೆಡ್‌ಲೈಟ್ ಇಲ್ವಲ್ಲ ಚೀಟೀಲಿ?”

“ಯಾಕೆ?”

“ಇಲ್ಲ, ಇದ್ರೆ ನೀವೇ ಹೋಗ್ಬೇಕಾಗುತ್ತೆ ಅಂತ ಕೇಳಿದೆ. ಗಾಜು ನೋಡಿ ಅದು.”

ನಾನು ಹೋ ಎಂದು ನಕ್ಕೆ. ಅವನೂ ನಕ್ಕು ಹೋದ.

ಎಡಗಡೆಯಿಂದ ಶುರು ಮಾಡಿದೆ. ಚಕ್ರ ಬಿಚ್ಚಿ, ಬ್ರೇಕಿನ ಭಾಗವನ್ನು ಪೈಪಿಗೆ ಪೆಟ್ಟಾಗದಂತೆ ತಂತಿಯಲ್ಲಿ ಮೇಲಕ್ಕೆ ಕಟ್ಟಿದೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಸರಪಳಿ ತೂರಿಸಿ ಚಾಸಿಗೆ ಬಿಗಿದೆ. ಅಮುಕಿಸಿಕೊಂಡು ಕೂತ ಸ್ಪ್ರಿಂಗು ತಪ್ಪಿಸಿಕೊಂಡರೆ ದವಡೆ ಕಿತ್ತುಕೊಂಡು ಹೋಗುತ್ತದೆ, ಅದರ ಹತ್ತಿರ ಸಲಿಗೆ ಒಳ್ಳೆಯದಲ್ಲ. ಕೆಳಗಿನ ಆರ್ಮಿಗೆ ಜ್ಯಾಕ್ ಕೊಟ್ಟು, ಬಾಲ್ ಜಾಯಿಂಟಿನ ನಟ್ಟು ಸಡಿಲಿಸಿ, ಪಕ್ಕದಿಂದ ಸುತ್ತಿಗೆಯಲ್ಲಿ ಎರಡು ಕೊಟ್ಟೆ. ಬಿಟ್ಟುಕೊಂಡಿತು. ಜ್ಯಾಕನ್ನು ಹೂವಿನ ಹಾಗೆ ಮೆಲ್ಲಗೆ ಇಳಿಸುತ್ತ ಬಂದೆ. ಸ್ಪ್ರಿಂಗು ಜೋರಾಗಿ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಸೋತವನ ಹಾಗೆ ಸುಮ್ಮನೆ ಕಳಚಿಕೊಂಡಿತು.

ಅದರ ಹೊಟ್ಟೆಯೊಳಗೆ ಏನೋ ಇತ್ತು. ಮಣ್ಣು, ಗ್ರೀಸು ಕೂಡಿ ಕಲ್ಲಾಗಿದ್ದ ಒಂದು ಮುದ್ದೆ. ಸ್ಕ್ರೂ ಡ್ರೈವರಿನಲ್ಲಿ ಕೆರೆದೆ. ಮರ! ಗೇಣುದ್ದದ ಗಟ್ಟಿ ಮರದ ತುಂಡು. ಆರ್ಮು ಮಿತಿ ಮೀರಿ ಮೇಲೆ ಬರದಿರಲೆಂದು ಒಂದು ಪುಟ್ಟ ರಬ್ಬರು ಇರುತ್ತದೆ. ಅದನ್ನು ಕಿತ್ತು ಆ ಜಾಗಕ್ಕೆ ಯಾರೋ ಇದನ್ನು ಬೋಲ್ಟು ಹಾಕಿ ಕೂರಿಸಿದ್ದರು. ಅಂದರೆ ಈ ಗಾಡಿ ಇಷ್ಟು ದಿನ ಸ್ಪ್ರಿಂಗಿನ ಮೇಲೆ ನಿಂತೇ ಇರಲಿಲ್ಲ, ಮರದ ಮೇಲೆ ನಿಂತಿತ್ತು. ದಾರಿಯ ಒಂದೊಂದು ಹಳ್ಳದ ಏಟೂ ನೇರವಾಗಿ ಚಾಸಿಗೆ ಬಡಿದಿತ್ತು.

ನನಗೆ ಮೈಯೆಲ್ಲ ಉರಿದು ಹೋಯಿತು. “ಯಾವನೋ ಇವನು ಕಟುಕ!” ಎಂದು ಖಾಲಿ ಗ್ಯಾರೇಜಿನಲ್ಲಿ ಒಬ್ಬನೇ ಕಿರುಚಿದೆ. “ಇವನ ಕೈಗೆ ಸ್ಪ್ಯಾನರ್ ಕೊಟ್ಟೋರು ಯಾರು? ಇಂಥವನನ್ನ ಗಾಡಿ ಕೆಳಗೇ ಮಲಗಿಸಿ ಜ್ಯಾಕ್ ಇಳಿಸ್ಬೇಕು!” ಬೈಯುತ್ತಲೇ ಅದನ್ನು ಬಿಚ್ಚಿ ತೆಗೆದು ಡೀಸೆಲ್ಲಿನಲ್ಲಿ ಅದ್ದಿ ಬಟ್ಟೆಯಿಂದ ಒರೆಸಿದೆ. ಆರ್ಮು ತಾಗುವ ಮೈ ಏಟು ತಿಂದು ತಿಂದು ತಗ್ಗಾಗಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ಸುಟ್ಟು ಬರೆದ ಒಂದು ಅಕ್ಷರ ಇತ್ತು. ‘ಎ’. ಎಡಗಡೆಯದು ಎಂಬ ಗುರುತು.

ಆ ಅಕ್ಷರ ನನ್ನದು. ಬಾಲವನ್ನು ಅಷ್ಟುದ್ದ ಎಳೆದು ಬರೆಯುವವನು ಈ ಊರಿನಲ್ಲಿ ನಾನೊಬ್ಬನೇ. ಶಾಲೆಯಲ್ಲಿ ಅದಕ್ಕಾಗಿ ಏಟು ತಿಂದಿದ್ದೇನೆ.

ಡೀಸೆಲ್ ಡಬ್ಬಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಹದಿನಾಲ್ಕು ವರ್ಷದ ಹಿಂದಿನ ಒಂದು ಬೆಳಿಗ್ಗೆ ಕಣ್ಣ ಮುಂದೆ ಬಂದು ನಿಂತಿತು. ಗಾಡಿ ತಪಾಸಣೆಗೆ ಮಾರನೇ ದಿನವೇ ಕೊನೆ. ಮುಂದಿನ ಸ್ಪ್ರಿಂಗು ಕುಗ್ಗಿ ಗಾಡಿ ಮೂತಿ ತಗ್ಗಿಸಿ ನಿಂತಿತ್ತು. ಹೊಸ ಸ್ಪ್ರಿಂಗು ಬರಲು ವಾರ ಬೇಕಿತ್ತು. ನೆಟ್ಟಗೆ ಕಾಣಲಿ, ಒಂದು ದಿನದ ಮಾತು ಎಂದು ನಾನು ಎರಡು ಮರದ ತುಂಡು ಕತ್ತರಿಸಿ ಒಳಗಿಟ್ಟೆ. ತಪಾಸಣೆಯಲ್ಲಿ ಗಾಡಿ ಪಾಸಾಯಿತು. ಅದರ ಮರುದಿನ ನನ್ನ ಹೆಂಡತಿಗೆ ಹೆರಿಗೆ, ಮಗ ಹುಟ್ಟಿದ. ಹತ್ತು ದಿನ ಗ್ಯಾರೇಜು ಮುಚ್ಚಿತ್ತು. ಸ್ಪ್ರಿಂಗು ಬಂದಾಗ ಅದನ್ನು ಬೇರೆ ಯಾರದೋ ಗಾಡಿಗೆ ಹಾಕಿದೆ. ಮರದ ವಿಷಯ ನನ್ನ ತಲೆಯಿಂದ ಪೂರ್ತಿ ಅಳಿಸಿ ಹೋಯಿತು.

ಗಾಜು ಒಡೆಯಲು ಶುರುವಾದದ್ದೂ ಹದಿನಾಲ್ಕು ವರ್ಷದ ಹಿಂದೆಯೇ.

ಆ ಎರಡು ವರ್ಷದಲ್ಲಿ ಅವನು ಎಷ್ಟು ಸಲ ಬಂದು, “ಭಾವ, ಗಾಡಿ ಕುಟ್ಟುತ್ತೆ, ಒಂಚೂರು ನೋಡಿ,” ಎಂದಿರಲಿಲ್ಲ! “ಹಳೇ ಗಾಡಿ ಕುಟ್ಟದೆ ಮುದ್ದು ಮಾಡುತ್ತಾ?” ಎಂದು ಗದರಿ ಕಳಿಸಿದ್ದೆ. ಒಮ್ಮೆ ಸ್ಪ್ರಿಂಗಿನ ಒಳಗೆ ಕಣ್ಣೂ ಹಾಯಿಸದೆ ಶಾಕ್ ಅಬ್ಸಾರ್ಬರ್ ಬದಲಾಯಿಸಿ ಕೈ ತೊಳೆದುಕೊಂಡಿದ್ದೆ. ಆಮೇಲೆ ಎಲ್ಲರ ಮುಂದೆ ಕಾಲ ಮೇಲೆ ಕಾಲು ಹಾಕಿ ತೀರ್ಪು ಕೊಟ್ಟಿದ್ದೆ.

ಬಲಗಡೆಯದನ್ನೂ ಬಿಚ್ಚಿದೆ. ಇನ್ನೊಂದು ತುಂಡು ಅಲ್ಲೇ ಇತ್ತು. ಆಗ ನಾನು ಏನು ಮಾಡಿದೆ ಗೊತ್ತೆ? ಹೇಳಲು ನಾಚಿಕೆಯಾಗುತ್ತದೆ. ಎರಡನ್ನೂ ಹಳೇ ಗೋಣಿಯಲ್ಲಿ ಸುತ್ತಿ ಗುಜರಿ ಡ್ರಮ್ಮಿನ ತಳಕ್ಕೆ ತುರುಕಿ, ಮೇಲೆ ಸವೆದ ಕ್ಲಚ್ ಪ್ಲೇಟು ಪೇರಿಸಿಟ್ಟೆ. ಯಾರಿಗೆ ಗೊತ್ತಾಗಬೇಕು? ಹನ್ನೆರಡು ವರ್ಷ ಕಳೆದಿದೆ, ಅವರವರ ಬದುಕು ಅವರವರಿಗೆ ಆಗಿದೆ, ಈಗ ಕೆದಕಿ ಏನು ಪ್ರಯೋಜನ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ.

ಅವನು ಬಂದ. ಬಾಲ್ ಜಾಯಿಂಟು, ಬುಷ್ಷು, ಸ್ಪ್ರಿಂಗು ಎಲ್ಲವನ್ನೂ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ. ಸ್ಪ್ರಿಂಗನ್ನು ಅಂಗಡಿಯಲ್ಲಿ ಮೂರು ಸಲ ಅಳೆದು ತಂದಿದ್ದನಂತೆ. ನಾನು ಹಳೇ ಬುಷ್ಷು ಹೊರಗೆ ಒತ್ತುತ್ತಿದ್ದೆ, ಸುತ್ತಿಗೆ ಜಾರಿ ಕಾಲ ಮೇಲೆ ಬಿತ್ತು. ಹೊಸ ಬಾಲ್ ಜಾಯಿಂಟಿನ ನಟ್ಟನ್ನು ಓರೆಯಾಗಿ ಹತ್ತಿಸಿ ಮತ್ತೆ ಬಿಚ್ಚಿದೆ. ಗ್ರೀಸ್ ಡಬ್ಬ ಉರುಳಿತು. ಕೊನೆಗೆ ಕೈಲಿ ಹಿಡಿಯುವ ದೀಪ ತೂಗುಹಾಕಲು ಹೋಗಿ ಕೆಡವಿದೆ. ಬಲ್ಬು ಫಟ್ ಎಂದು ಒಡೆದು ನೆಲದ ತುಂಬ ಚೆಲ್ಲಿತು.

ಚೂರಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಾಚೆ ಬಿಸಿಲಿಗೆ ಹೋಗಿ ನಿಂತ.

“ಅಲ್ಲಿ ಯಾಕೋ ನಿಂತೆ?”

“ನಾನು ಹತ್ತಿರ ಇದ್ದೆ ನೋಡಿ ಭಾವ, ಅದಕ್ಕೇ ನಿಮಗೂ ಹೀಗಾಗ್ತಿದೆ. ಇಲ್ಲೇ ನಿಂತಿರ್ತೀನಿ. ಏನಾದ್ರೂ ಬೇಕಾದ್ರೆ ಕೂಗಿ.”

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಇಷ್ಟು ವರ್ಷ ಅವನೂ ನನ್ನ ಹಾಗೆ ನಗುತ್ತಿದ್ದಾನೆ ಎಂದುಕೊಂಡಿದ್ದೆ. ನಲವತ್ತು ದಾಟಿದ ಗಂಡಸು, ನಾನು ಒಡೆದ ಬಲ್ಬಿಗೆ ತಾನು ಕಾರಣ ಎಂದು ನಂಬಿ, ಉರಿಬಿಸಿಲಲ್ಲಿ ಕೈ ಬಚ್ಚಿಟ್ಟುಕೊಂಡು ನಿಂತಿದ್ದ.

ಗುಜರಿ ಡ್ರಮ್ಮನ್ನು ಒದ್ದು ಉರುಳಿಸಿದೆ. ಗೋಣಿ ಬಿಚ್ಚಿ ಎರಡೂ ತುಂಡನ್ನು ತಂದು ಅವನ ಮುಂದೆ ಹಿಡಿದೆ.

“ನೋಡು. ಇದು ನಿನ್ನ ಗಾಡಿಯ ಸ್ಪ್ರಿಂಗ್ ಒಳಗಿತ್ತು. ಹದಿನಾಲ್ಕು ವರ್ಷದಿಂದ. ಇಟ್ಟೋನು ನಾನು. ತಪಾಸಣೆಗೆ ಅಂತ ಇಟ್ಟು ಮರೆತೆ. ಗಾಜು ಒಡೆದಿದ್ದು ಇದರಿಂದ. ನಿನ್ನ ಕೈಯಿಂದಲ್ಲ.”

ಅವನು ನನ್ನ ಬಾಯಿಯನ್ನೇ ನೋಡುತ್ತ ನಿಂತ. ಆಮೇಲೆ ನಕ್ಕ. “ಬಿಡಿ ಭಾವ, ನನ್ನ ಸಮಾಧಾನಕ್ಕೆ ಹೇಳ್ತಿದೀರ.”

“ನಿನ್ನ ಸಮಾಧಾನ ಮಾಡೋಕೆ ನಾನೇನು ನಿನ್ನ ಅಜ್ಜಿನಾ? ಮುಟ್ಟಿ ನೋಡೋ! ಈ ತಗ್ಗು ನೋಡು, ಆರ್ಮು ಬಡಿದೂ ಬಡಿದೂ ಬಿದ್ದಿರೋದು. ಸ್ಪ್ರಿಂಗ್ ಕೆಲಸನೇ ಮಾಡಿಲ್ಲ!”

ಬೆನ್ನ ಹಿಂದಿನ ಕೈ ನಿಧಾನವಾಗಿ ಮುಂದೆ ಬಂತು. ಮರವನ್ನು ಹಿಡಿದು, ಹೆಬ್ಬೆರಳಿನಿಂದ ಆ ತಗ್ಗನ್ನು ಸವರಿದ. ಗಾಜಿನ ಅಂಚು ಸವರಿ ನೋಡುವ ಹಳೇ ಅಭ್ಯಾಸ, ಬೆರಳು ಅದನ್ನು ಮರೆತಿರಲಿಲ್ಲ.

“ಕಂಬಳಿ ಹಾಕಿದ್ರೂ ಒಡೀತಿತ್ತಾ?” ಎಂದ.

“ಒಡೀತಿತ್ತು.”

“ನಿಧಾನಕ್ಕೆ ಓಡಿಸಿದ್ರೂ?”

“ಹೆಗಲ ಮೇಲೆ ಹೊತ್ಕೊಂಡು ಹೋಗಿದ್ರೆ ಮಾತ್ರ ಉಳೀತಿತ್ತು.”

“ಆ ದೊಡ್ಡ ಕನ್ನಡಿ?”

“ಅದೂ ಅಷ್ಟೇ.”

ಅವನು ಟೈರಿನ ಮೇಲೆ ಕೂತ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಆ ತಗ್ಗನ್ನೇ ಮತ್ತೆ ಮತ್ತೆ ಸವರುತ್ತಿದ್ದ. ಅದನ್ನು ನೋಡಲಾರದೆ ನಾನು ಅಲ್ಲೇ ದೊಡ್ಡ ಬಾಮೈದನಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟೆ. ಆ ಕಡೆಯಿಂದ ಗಾಜು ಕೊಯ್ಯುವ ಸದ್ದು ಕೇಳುತ್ತಿತ್ತು, ಅದು ನಿಂತಿತು.

“ಅವನು ಅಲ್ಲೇ ಇದಾನಾ?” ಎಂದ ದೊಡ್ಡವನು.

“ಇದಾನೆ. ಕೊಡ್ಲಾ?”

“ಬೇಡ ಭಾವ, ಬೇಡ. ಏನಂತ ಮಾತಾಡ್ಲಿ ನಾನು?” ಎಂದು ಫೋನು ಇಟ್ಟುಬಿಟ್ಟ.

ಚೂರಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಮರದ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಬೇರೆ ಎಲ್ಲೋ ಇದ್ದ.

“ಭಾವ, ನನ್ನ ಮಗಳು ಹುಟ್ಟಿದಾಗ ನಾನವಳನ್ನ ಎತ್ಕೊಳ್ಳಲಿಲ್ಲ,” ಎಂದ. “ಆಸ್ಪತ್ರೇಲಿ ಆ ನರ್ಸಮ್ಮ ಕೈಗೆ ಕೊಡೋಕೆ ಬಂದ್ಲು. ನಾನು ಕೈ ಹಿಂದಕ್ಕೆ ಕಟ್ಕೊಂಡೆ. ಅಷ್ಟು ಸಣ್ಣ ಮಗು. ನನ್ನ ಕೈಗೆ ಹೇಗೆ ಕೊಡೋದು ಹೇಳಿ? ಅವಳು ತಾನೇ ನಡೆಯೋ ತನಕ ಎತ್ಕೊಳ್ಳಲಿಲ್ಲ. ಆಮೇಲೂ ಎತ್ಕೊಳ್ಳಲಿಲ್ಲ. ಅಭ್ಯಾಸ ತಪ್ಪಿ ಹೋಯ್ತು. ಈಗ ಹನ್ನೊಂದು ವರ್ಷ ಅವಳಿಗೆ.”

ಗಾಜಿನ ಲೆಕ್ಕವನ್ನಷ್ಟೇ ನಾನು ಹಾಕಿದ್ದೆ. ನಾನಿಟ್ಟ ಮರ ಅಲ್ಲಿಯವರೆಗೆ ಹೋಗಿ ಬಡಿದಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಮಗ ಹುಟ್ಟಿದಾಗ ಹತ್ತು ದಿನ ಗ್ಯಾರೇಜು ಮುಚ್ಚಿ, ಅವನನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದೆ. ಆ ಹತ್ತು ದಿನದಲ್ಲೇ ಈ ಮರವನ್ನು ಮರೆತಿದ್ದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೆ ಮುಖಕ್ಕೆಲ್ಲ ಗ್ರೀಸು.

“ಅವಳಿಗೆ ಗೊತ್ತಾ ಇದು?” ಎಂದೆ.

“ಏನಂತ ಹೇಳೋದು? ಅಪ್ಪನ ಕೈ ಕೆಟ್ಟದ್ದು ಅಂತನಾ?” ಅವನು ಎದ್ದು ನಿಂತ. “ನೀವು ಹೇಳಿ ಭಾವ. ಇವತ್ತೇ. ನಾನು ಹೇಳಿದ್ರೆ ಕಥೆ ಕಟ್ತಿದೀನಿ ಅಂದ್ಕೋತಾಳೆ.”

ಉಳಿದ ಕೆಲಸ ಇಬ್ಬರೂ ಸೇರಿ ಮಾಡಿದೆವು. ಹೊಸ ಸ್ಪ್ರಿಂಗನ್ನು ಅವನೇ ತಬ್ಬಿ ಎತ್ತಿ ಜಾಗಕ್ಕೆ ಕೊಟ್ಟ. ನಾನು ಜ್ಯಾಕ್ ಏರಿಸಿದೆ, ಅದು ಕಿರುಗುಟ್ಟುತ್ತ ಅಮುಕಿಕೊಂಡು ಕೂತಿತು. ರಬ್ಬರಿನ ಜಾಗಕ್ಕೆ ರಬ್ಬರು ಹಾಕಿದೆ, ಎರಡೆರಡು ಸಲ ಮುಟ್ಟಿ ನೋಡಿದೆ. ಬುಷ್ಷಿನ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೆಯೇ ಕೊನೆಯ ಬಿಗಿ ಬಿಗಿಯಬೇಕು. ಹಾಗೇ ಮಾಡಿದೆ. ಮುಂದಿನ ಟೈರು ಬದಲಾಯಿಸಿ, ಚಕ್ರದ ಕೋನ ನೆಟ್ಟಗೆ ಮಾಡಿಸಿಕೊಂಡು ಅವನ ಮನೆಯ ಬೀದಿಗೆ ಬರುವಾಗ ಮಧ್ಯಾಹ್ನ ನಾಲ್ಕಾಗಿತ್ತು. ಬೀದಿಯ ಬಾಯಲ್ಲಿ ದೊಡ್ಡದೊಂದು ಹಳ್ಳ. ಗಾಡಿ ಅದರಲ್ಲಿ ಇಳಿದು ಮೆತ್ತಗೆ ಎದ್ದಿತು. ಅವನು ಸ್ಟೇರಿಂಗು ಹಿಡಿದುಕೊಂಡೇ, “ಅಯ್ಯೋ,” ಎಂದ, ಅಷ್ಟೇ.

ಹುಡುಗಿ ಆಗತಾನೇ ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಶೂ ಬಿಚ್ಚುತ್ತಿದ್ದಳು. ನಾನು ಅವಳ ಪಕ್ಕ ಕೂತೆ. ಚೂರಪ್ಪ ಗಾಡಿಯ ಬಾಗಿಲು ಹಿಡಿದು ಅಲ್ಲೇ ನಿಂತ, ಹತ್ತಿರ ಬರಲಿಲ್ಲ. ಮರದ ತುಂಡನ್ನು ತೋರಿಸಿ, ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ಗಾಜು ಯಾಕೆ ಒಡೆಯುತ್ತಿತ್ತು, ತಪ್ಪು ಯಾರದು, ಅವಳ ಅಪ್ಪ ಅವಳನ್ನು ಯಾಕೆ ಎತ್ತಿಕೊಳ್ಳಲಿಲ್ಲ, ಎಲ್ಲವನ್ನೂ. ಅವಳು ಒಂದು ಕೈಯಲ್ಲಿ ಶೂ ಹಿಡಿದುಕೊಂಡು ರೆಪ್ಪೆ ಬಡಿಯದೆ ಕೇಳಿದಳು.

“ಅಂದ್ರೆ ಮಾವ,” ಎಂದಳು ಮೆಲ್ಲಗೆ, “ಅಪ್ಪಂಗೆ ನಾನು ಬೇಡ ಅಂತೇನೂ ಅಲ್ವಾ?”

ಗಾಡಿಯ ಹತ್ತಿರ ಅವನು ಬಾಯಿ ತೆರೆದುಕೊಂಡು ನಿಂತಿದ್ದ. ಮಗಳು ಹಾಗೆ ತಿಳಿದುಕೊಂಡಿದ್ದಾಳೆ ಎಂಬುದು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವನಿಗೆ ಹೊಳೆದಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಉತ್ತರ ನಾನೇ ಕೊಡಬೇಕಿತ್ತು.

“ಅಲ್ಲ ಕಂದ,” ಎಂದೆ. “ನಿಮ್ಮಪ್ಪ ಹೆದರಿದ್ದ. ಹೆದರಿಸಿದೋನು ನಾನು.”